ಬೇರೆಯಾಗದೆ ಉಳಿದ ಕೋಶಗಳು

ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಆಕಾರದ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ತಟ್ಟನೆ ಗಟ್ಟಿಯಾದಾಗ ಇಂಥ ಶಿಲೆ ಉಂಟಾಗುತ್ತದೆ. ಬಿಸಿಲಿಗೆ ಹೆಸರಾದ ನಮ್ಮ ಬಯಲುಸೀಮೆ ಒಂದು ಕಾಲಕ್ಕೆ ಕಡಲಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆ ಶಿಲೆಯ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು.

ಆ ಕಡಲಿನಲ್ಲಿ ಜೀವವಿತ್ತು. ವಾಣಿವಿಲಾಸ ಸಾಗರದ ಹೆಸರನ್ನೇ ಹೊತ್ತ ಶಿಲಾಸ್ತರದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ರಚನೆಗಳು ಸಿಕ್ಕಿವೆ. ಸೂಕ್ಷ್ಮಜೀವಿಗಳು ಲೋಳೆಯ ಹಾಸಾಗಿ ಬೆಳೆದು, ಮೇಲೆ ಕೂತ ಮಣ್ಣುಸುಣ್ಣವನ್ನು ಹಿಡಿದಿಟ್ಟುಕೊಂಡು, ಅದರ ಮೇಲೆ ಮತ್ತೆ ಬೆಳೆದು ಕಟ್ಟಿದ ರಚನೆಗಳು ಅವು. ಆದರೆ ಅಲ್ಲಿ ಮೀನಿರಲಿಲ್ಲ, ಹುಳುವಿರಲಿಲ್ಲ, ಆ ಹಾಸನ್ನು ಮೇಯುವ ಒಂದು ಬಸವನಹುಳುವೂ ಇರಲಿಲ್ಲ. ಮೊದಲ ಪ್ರಾಣಿ ಬರಲು ಅಲ್ಲಿಂದ ಇನ್ನೂ ಇನ್ನೂರು ಕೋಟಿ ವರ್ಷಗಳಷ್ಟು ಕಾಯಬೇಕಿತ್ತು.

ದಾವಣಗೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಬಹಳ ಇಷ್ಟವಾದದ್ದು ಇದೇ: ಇಷ್ಟು ತಡವೇಕೆ? ಒಂಟಿ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅಷ್ಟು ಕಷ್ಟದ ಕೆಲಸವೇ? ಅಲ್ಲ. ಅಂಟಿಕೊಳ್ಳುವುದು ಕಷ್ಟವಲ್ಲ. ಪಾಚಿಗಳಲ್ಲಿ, ಶಿಲೀಂಧ್ರಗಳಲ್ಲಿ, ಸಸ್ಯಗಳ ಪೂರ್ವಜರಲ್ಲಿ, ಬ್ಯಾಕ್ಟೀರಿಯಾಗಳಲ್ಲಿಯೂ ಅದು ಪ್ರತ್ಯೇಕವಾಗಿ ಕನಿಷ್ಠ 25 ಸಲ ನಡೆದಿದೆ ಎಂಬುದು ಜೀವವಿಜ್ಞಾನಿಗಳ ಎಣಿಕೆ. ಕೂಡಿದ ಮೇಲೆ ಕೂಡಿಯೇ ಬಾಳುವುದು, ಅದೂ ಒಂದೇ ದೇಹವಾಗಿ ಬಾಳುವುದು ಕಷ್ಟ. ಪ್ರಾಣಿಗಳ ಹುಟ್ಟನ್ನು ಅರ್ಥಮಾಡಿಕೊಳ್ಳಲು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲಿಗೆ ಕಾಲದ ಲೆಕ್ಕ. ಕಣ್ಣಿಗೆ ಕಾಣುವಷ್ಟು ದೊಡ್ಡದಾದ, ಪ್ರಾಣಿಗಳಿರಬಹುದಾದ ಪಳೆಯುಳಿಕೆಗಳು ಸುಮಾರು 57.5 ಕೋಟಿ ವರ್ಷಗಳ ಹಿಂದಿನ ಶಿಲೆಗಳಿಂದ ಸಿಗತೊಡಗುತ್ತವೆ. ಎಡಿಯಾಕರನ್ ಎಂಬ ಯುಗದ ಜೀವಿಗಳು ಅವು. ಅವುಗಳಲ್ಲಿ ಡಿಕಿನ್ಸೋನಿಯಾ ಎಂಬ ಚಪ್ಪಟೆಯ ಅಂಡಾಕಾರದ ಜೀವಿ ಪ್ರಾಣಿಯೋ, ಕಲ್ಲುಹೂವೋ, ದೈತ್ಯ ಏಕಕೋಶ ಜೀವಿಯೋ ಎಂದು ದಶಕಗಳ ಕಾಲ ವಾದ ನಡೆಯಿತು. 2018ರಲ್ಲಿ ರಷ್ಯಾದ ಶ್ವೇತ ಸಮುದ್ರ ತೀರದ, 55.8 ಕೋಟಿ ವರ್ಷ ಹಳೆಯ ಡಿಕಿನ್ಸೋನಿಯಾ ಅಚ್ಚಿನಲ್ಲಿ ಕೊಲೆಸ್ಟರಾಲ್‌ನ ಅವಶೇಷ ಪತ್ತೆಯಾದ ಮೇಲೆ ತಕ್ಕಡಿ ಪ್ರಾಣಿಯ ಕಡೆಗೆ ವಾಲಿತು, ಏಕೆಂದರೆ ಕೊಲೆಸ್ಟರಾಲ್ ಪ್ರಾಣಿಕೋಶಗಳ ಪೊರೆಯ ಮುಖ್ಯ ಕೊಬ್ಬು.

ಭಾರತದಲ್ಲಿಯೂ ಡಿಕಿನ್ಸೋನಿಯಾ ಸಿಕ್ಕಿತೆಂದು 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯ ಚಾವಣಿಯ ಮೇಲೆ ಅದರ ಅಚ್ಚು ಕಂಡಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಬೇರೊಂದು ತಂಡ ಹೋಗಿ ಪರೀಕ್ಷಿಸಿತು. ಅದು ಬಂಡೆಗೆ ಅಂಟಿಕೊಂಡಿದ್ದ ಹಳೆಯ ಜೇನುಗೂಡಿನ ಅವಶೇಷ. ಈ ಪ್ರಸಂಗವನ್ನು ಹೇಳುವುದು ಯಾರನ್ನೂ ಹಗುರವಾಗಿ ಕಾಣಲು ಅಲ್ಲ. ಮೊದಲ ಪ್ರಾಣಿಗಳಿಗೆ ಮೂಳೆಯಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಕಲ್ಲಿನ ಮೇಲಿನ ಒಂದು ನೆರಳಿನಿಂದ ಅವುಗಳನ್ನು ಗುರುತಿಸುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ. ಇನ್ನು ಮೊದಲ ಪ್ರಾಣಿಗೂ ಹಿಂದಿನ, ಬೆರಳೆಣಿಕೆಯ ಕೋಶಗಳ ಮುದ್ದೆಗಳನ್ನು ಪಳೆಯುಳಿಕೆಗಳಲ್ಲಿ ನೋಡುವ ಆಸೆ ಬಹುಮಟ್ಟಿಗೆ ಬಿಡಬೇಕಾದದ್ದೇ.

ಹಾಗಾಗಿ ಬೇರೊಂದು ದಾರಿ ಹಿಡಿಯಬೇಕಾಯಿತು. ಅಜ್ಜಿ ಇಲ್ಲದಿದ್ದರೂ ಅವಳ ತಂಗಿಯ ಮೊಮ್ಮಕ್ಕಳು ಇದ್ದಾರಲ್ಲ, ಅವರನ್ನು ಹುಡುಕುವ ದಾರಿ.

1860ರ ದಶಕದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಸೂಕ್ಷ್ಮದರ್ಶಕದಲ್ಲಿ ಒಂದು ಹೋಲಿಕೆಯನ್ನು ಗಮನಿಸಿದರು. ಕೊಯನೊಫ್ಲ್ಯಾಜೆಲೇಟ್ ಎಂಬ ಏಕಕೋಶ ಜೀವಿಗಳಿವೆ. ಕಡಲಿನಲ್ಲಿಯೂ ಇವೆ, ಕೆರೆಕುಂಟೆಗಳ ಸಿಹಿನೀರಿನಲ್ಲಿಯೂ ಇವೆ. ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದಾದ ಈ ಕೋಶಕ್ಕೆ ಒಂದೇ ಒಂದು ಕಶಾಂಗ, ಅಂದರೆ ಚಾಟಿಯಂಥ ಬಾಲ. ಅದರ ಬುಡದ ಸುತ್ತ ಸಣ್ಣ ಎಳೆಗಳ ಒಂದು ಕಾಲರ್. ಕಶಾಂಗ ಬೀಸಿದಾಗ ನೀರು ಕಾಲರಿನ ಮೂಲಕ ಹಾದುಹೋಗುತ್ತದೆ, ನೀರಿನಲ್ಲಿದ್ದ ಬ್ಯಾಕ್ಟೀರಿಯಾಗಳು ಎಳೆಗಳಿಗೆ ಸಿಕ್ಕಿಬೀಳುತ್ತವೆ, ಕೋಶ ಅವುಗಳನ್ನು ನುಂಗುತ್ತದೆ. ಸ್ಪಂಜು ಪ್ರಾಣಿಯ ಒಳಗೋಡೆಯಲ್ಲಿ ನೀರು ಸೋಸಿ ಆಹಾರ ಹಿಡಿಯುವ ಕೋಶಗಳೂ ಹೆಚ್ಚುಕಡಿಮೆ ಇದೇ ರೂಪದವು: ಒಂದು ಕಶಾಂಗ, ಅದರ ಸುತ್ತ ಕಾಲರ್. ಸ್ಪಂಜು ಎಂದರೆ ದೂರದ ಹವಳದ ಕಡಲಿನದ್ದೇ ಆಗಬೇಕಿಲ್ಲ. ಭಾರತದ ಕೆರೆಗಳಲ್ಲಿ, ನೀರಿನಲ್ಲಿ ಮುಳುಗಿದ ಕಲ್ಲು ಕಡ್ಡಿಗಳ ಮೇಲೆ ಹಸಿರು ಅಥವಾ ಕಂದು ಹೊದಿಕೆಯಾಗಿ ಬೆಳೆಯುವ ಸಿಹಿನೀರಿನ ಸ್ಪಂಜುಗಳಿವೆ. ನೋಡಿದವರು ಪಾಚಿಯೆಂದೇ ತಿಳಿದು ಮುಂದೆ ಹೋಗುತ್ತಾರೆ.

ಜೇಮ್ಸ್-ಕ್ಲಾರ್ಕ್ ಕಂಡ ಹೋಲಿಕೆ ಬರಿಯ ಆಕಾರದ್ದೇ, ಅಥವಾ ನಂಟಿನದ್ದೇ ಎಂಬುದು ತೀರ್ಮಾನವಾಗಲು ಡಿಎನ್ಎ ಓದುವ ಕಾಲ ಬರಬೇಕಾಯಿತು. ಓದಿದಾಗ ನಂಟು ನಿಜವಾಗಿತ್ತು. ಇಂದು ಬದುಕಿರುವ ಎಲ್ಲ ಏಕಕೋಶ ಜೀವಿಗಳಲ್ಲಿ ಪ್ರಾಣಿಗಳಿಗೆ ಅತಿ ಹತ್ತಿರದ ಬಂಧುಗಳು ಕೊಯನೊಫ್ಲ್ಯಾಜೆಲೇಟ್‌ಗಳೇ. ಅವು ನಮ್ಮ ಪೂರ್ವಜರಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅವೂ ನಾವೂ ಒಂದೇ ಪೂರ್ವಜನಿಂದ ಕವಲೊಡೆದವರು. ಅವು ಹೆಚ್ಚಾಗಿ ಒಂಟಿಯಾಗಿಯೇ ಚೆನ್ನಾಗಿ ಬದುಕಿವೆ.

2008ರಲ್ಲಿ ಮೊನೊಸೈಗಾ ಬ್ರೆವಿಕೊಲಿಸ್ ಎಂಬ ಕೊಯನೊಫ್ಲ್ಯಾಜೆಲೇಟಿನ ಪೂರ್ತಿ ಜಿನೋಮ್, ಅಂದರೆ ಅದರ ಡಿಎನ್ಎಯ ಇಡೀ ಬರಹ, ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನಿಕೋಲ್ ಕಿಂಗ್ ಮತ್ತು ಅವರ ಸಂಗಡಿಗರು ಅದರ ಹಿಂದೆ ಇದ್ದರು. ಅದರಲ್ಲಿ ಸಿಕ್ಕಿದ್ದನ್ನು ಮೊದಲ ಸಲ ಓದಿದಾಗ ನನಗೆ ಆದ ಬೆರಗು ಇಂದಿಗೂ ಇಳಿದಿಲ್ಲ. ನಮ್ಮ ದೇಹದಲ್ಲಿ ಒಂದು ಕೋಶ ಪಕ್ಕದ ಕೋಶವನ್ನು ಹಿಡಿದುಕೊಳ್ಳುವುದು ಕ್ಯಾಡ್‌ಹೆರಿನ್ ಎಂಬ ಪ್ರೋಟೀನುಗಳ ಮೂಲಕ. ಚರ್ಮ ಚರ್ಮವಾಗಿ ನಿಂತಿರುವುದು, ಕರುಳಿನ ಒಳಪದರ ಕಳಚಿ ಬೀಳದಿರುವುದು ಅವುಗಳಿಂದ. ಒಂಟಿಯಾಗಿ ಈಜುವ ಮೊನೊಸೈಗಾದಲ್ಲಿ ಅಂಥ ಪ್ರೋಟೀನುಗಳ 23 ಜೀನುಗಳಿದ್ದವು. ಕೋಶಗಳು ಪರಸ್ಪರ ಸಂಕೇತ ಕಳುಹಿಸಲು ಬಳಸುವ ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳ ಜೀನುಗಳು ಮನುಷ್ಯನಲ್ಲಿ 90ರಷ್ಟಿದ್ದರೆ ಮೊನೊಸೈಗಾದಲ್ಲಿ 120ಕ್ಕೂ ಹೆಚ್ಚು. ಪಕ್ಕದಲ್ಲಿ ಯಾರೂ ಇಲ್ಲದ ಕೋಶಕ್ಕೆ ಕೈಹಿಡಿಯುವ, ಮಾತಾಡುವ ಇಷ್ಟೊಂದು ಸಲಕರಣೆ ಯಾತಕ್ಕೆ?

ಬಹುಶಃ ಬೇಟೆಗೆ. ಬ್ಯಾಕ್ಟೀರಿಯಾವನ್ನು ಗುರುತಿಸಿ ಹಿಡಿಯಲು ಅಂಟುವ ಪ್ರೋಟೀನು ಬೇಕು. ನೀರಿನ ಗುಣ, ಆಹಾರ, ಅಪಾಯ ತಿಳಿಯಲು ಸಂಕೇತಗಳ ವ್ಯವಸ್ಥೆ ಬೇಕು. ಪ್ರಾಣಿಗಳು ಹುಟ್ಟಿದಾಗ ಈ ಹಳೆಯ ಸಲಕರಣೆ ಹೊಸ ಕೆಲಸಕ್ಕೆ ಒದಗಿತು. ಇನ್ನೂ ದೂರದ ಬಂಧುವಾದ ಕ್ಯಾಪ್ಸಾಸ್ಪೋರಾ ಎಂಬುದು ಸಿಹಿನೀರಿನ ಬಸವನಹುಳುವಿನ ಒಳಗೆ ವಾಸಿಸುವ ಅಮೀಬಾದಂಥ ಜೀವಿ. 2013ರಲ್ಲಿ ಪ್ರಕಟವಾದ ಅದರ ಜಿನೋಮಿನಲ್ಲಿ, ನಮ್ಮ ಕೋಶಗಳು ತಮ್ಮ ಸುತ್ತಲಿನ ನೆಲಗಟ್ಟನ್ನು ಕಚ್ಚಿ ಹಿಡಿಯುವ ಇಂಟೆಗ್ರಿನ್‌ಗಳ ಇಡೀ ಜೋಡಣೆಯೇ ಇತ್ತು. ಕೋಶಗಳು ಸೇರಿ ದೇಹವಾಗಲು ಬೇಕಾದ ಸಾಮಾನಿನ ದೊಡ್ಡ ಪಾಲು ದೇಹಗಳು ಹುಟ್ಟುವ ಮೊದಲೇ ಮನೆಯಲ್ಲಿತ್ತು.

ಹಾಗಾದರೆ ಕೊರತೆಯಾಗಿದ್ದುದು ಏನು? ಇದಕ್ಕೆ ಉತ್ತರದ ಒಂದು ತುಣುಕು ಸಾಲ್ಪಿಂಜೀಕಾ ರೊಸೆಟಾ ಎಂಬ ಇನ್ನೊಂದು ಕೊಯನೊಫ್ಲ್ಯಾಜೆಲೇಟಿನಲ್ಲಿದೆ. ಇದು ಹೆಚ್ಚಾಗಿ ಒಂಟಿ. ಆದರೆ ಕೆಲವೊಮ್ಮೆ ಗುಲಾಬಿಯ ಆಕಾರದ ಗುಂಪು ಕಟ್ಟುತ್ತದೆ, ಎಲ್ಲ ಕಶಾಂಗಗಳೂ ಹೊರಮುಖವಾಗಿರುತ್ತವೆ. ಆ ಗುಂಪು ಯಾವಾಗ ಮೂಡುತ್ತದೆ ಎಂಬುದನ್ನು ಕಿಂಗ್ ಅವರ ಪ್ರಯೋಗಾಲಯ 2012ರಲ್ಲಿ ಪತ್ತೆಹಚ್ಚಿತು. ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಸೂಸುವ ಕೊಬ್ಬಿನಂಥ ಅಣುವೇ ಅದರ ಸೂಚನೆ. ಆ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಗುಂಪಿಲ್ಲ. ಅತ್ಯಲ್ಪ ಪ್ರಮಾಣದ ಅಣುವೂ ಕೋಶವನ್ನು ಗುಂಪಿನ ದಾರಿಗೆ ತಿರುಗಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಗುಂಪು ಕಟ್ಟುವ ರೀತಿ. ಅಲ್ಲಿ ಇಲ್ಲಿ ಈಜುತ್ತಿದ್ದ ಕೋಶಗಳು ಬಂದು ಸೇರಿಕೊಳ್ಳುವುದಲ್ಲ. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಆದರೆ ಒಡೆದವು ಬೇರೆಯಾಗುವುದಿಲ್ಲ. ಅವುಗಳ ನಡುವೆ ಸಣ್ಣ ಸೇತುವೆಗಳು ಉಳಿಯುತ್ತವೆ, ನಡುವಿನ ಜಾಗವನ್ನು ಅವೇ ಸ್ರವಿಸಿದ ಅಂಟು ತುಂಬುತ್ತದೆ. ಗುಂಪಿನಲ್ಲಿರುವವೆಲ್ಲ ಒಂದೇ ತಾಯಿಕೋಶದ ಪ್ರತಿಗಳು.

ಈ ವ್ಯತ್ಯಾಸ ಯಾಕೆ ಅಷ್ಟು ದೊಡ್ಡದು ಎಂಬುದು ಡಿಕ್ಟಿಯೋಸ್ಟೀಲಿಯಂ ಎಂಬ ಮಣ್ಣಿನ ಅಮೀಬಾವನ್ನು ನೋಡಿದರೆ ತಿಳಿಯುತ್ತದೆ. ಆಹಾರ ಮುಗಿದಾಗ ಸಾವಿರಾರು ಅಮೀಬಾಗಳು ದಿಕ್ಕುದಿಕ್ಕಿನಿಂದ ಬಂದು ಒಂದಾಗುತ್ತವೆ. ಐದರಲ್ಲಿ ಒಂದು ಪಾಲಿನಷ್ಟು ಕೋಶಗಳು ಕಾಂಡವಾಗಿ ಸಾಯುತ್ತವೆ, ಉಳಿದವು ಅದರ ತುದಿಯೇರಿ ಬೀಜಕಗಳಾಗಿ ಹರಡುತ್ತವೆ. ಬೇರೆಬೇರೆ ವಂಶದ ಅಮೀಬಾಗಳು ಒಂದೇ ಗುಂಪಿನಲ್ಲಿ ಬೆರೆತಾಗ ಕೆಲವು ವಂಶದವು ಕಾಂಡದ ಪಾಲಿಗೆ ಬಾರದೆ ನುಣುಚಿಕೊಂಡು ತುದಿಯ ಜಾಗವನ್ನೇ ಹಿಡಿಯುತ್ತವೆ. ಸಾಯುವ ಕೋಶಕ್ಕೆ ಗುಂಪಿನ ಇತರರು ಪರಕೀಯರಾದಾಗ ಈ ತ್ಯಾಗದಿಂದ ಅದರ ವಂಶಕ್ಕೆ ಏನೂ ಸಿಗುವುದಿಲ್ಲ. ಒಂದೇ ತಾಯಿಕೋಶದಿಂದ ಬಂದ ಗುಂಪಿನಲ್ಲಿ ಲೆಕ್ಕ ಬೇರೆ. ಅಲ್ಲಿ ಒಂದು ಕೋಶ ಸತ್ತು ಇನ್ನೊಂದನ್ನು ಉಳಿಸಿದರೆ ಉಳಿಯುವುದು ತನ್ನದೇ ಜೀನುಗಳು. ಪ್ರತಿ ಪ್ರಾಣಿಯೂ ತನ್ನ ಬದುಕನ್ನು ಒಂದೇ ಕೋಶದಿಂದ, ಫಲಿತ ಅಂಡಾಣುವಿನಿಂದ ಶುರುಮಾಡುವುದಕ್ಕೆ ಇದಕ್ಕಿಂತ ಆಳವಾದ ಕಾರಣ ನನಗೆ ಕಾಣುವುದಿಲ್ಲ. ಮೂವತ್ತು ಲಕ್ಷ ಕೋಟಿಯಷ್ಟು ಕೋಶಗಳ ಮನುಷ್ಯದೇಹವೂ ಪ್ರತಿ ತಲೆಮಾರಿನಲ್ಲಿ ಆ ಒಂದು ಕೋಶದ ಕಿರಿದಾದ ಬಾಗಿಲಿನಿಂದಲೇ ಹಾದು ಬರಬೇಕು.

ಇನ್ನೊಂದು ಬಂಧುವಿನ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ನಾಡಿನ ವೈದ್ಯರಿಗೆ ಪರಿಚಿತ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಹೊಂಡ, ಕೆರೆಗಳ ನಿಂತ ನೀರಿನಲ್ಲಿ ಮೀಯುವವರ ಮೂಗಿನೊಳಗೆ ಕೆಲವೊಮ್ಮೆ ಕೆಂಪು ಗಂಟು ಬೆಳೆಯುತ್ತದೆ. ರೈನೋಸ್ಪೊರಿಡಿಯೋಸಿಸ್ ಎಂಬ ಕಾಯಿಲೆ ಅದು. ಅದರ ಜೀವಿಯನ್ನು 1900ರಲ್ಲಿ ಅರ್ಜೆಂಟೀನಾದಲ್ಲಿ ಮೊದಲು ವರ್ಣಿಸಲಾಯಿತು, ಬಹುಕಾಲ ಶಿಲೀಂಧ್ರವೆಂದೇ ನಂಬಲಾಗಿತ್ತು. 1999ರಲ್ಲಿ ಅದರ ಜೀನನ್ನು ಹೋಲಿಸಿ ನೋಡಿದಾಗ ಅದು ಶಿಲೀಂಧ್ರಗಳ ಕಡೆಯದಲ್ಲ, ಪ್ರಾಣಿಗಳ ಕಡೆಯದು ಎಂದು ಗೊತ್ತಾಯಿತು. ಇಕ್ತಿಯೋಸ್ಪೋರಿಯಾ ಎಂಬ ಗುಂಪಿಗೆ ಸೇರಿದ್ದು. ಈ ಗುಂಪಿನ ಅನೇಕ ಜೀವಿಗಳಲ್ಲಿ ಒಂದು ಕೋಶ ಬಹಳ ದೊಡ್ಡದಾಗಿ ಬೆಳೆದು, ಒಳಗೇ ಹಲವು ಕೋಶಗಳಾಗಿ ಹೋಳಾಗಿ, ಕೊನೆಗೆ ಒಡೆದು ಹರಡುತ್ತದೆ.

ಅದೇ ಗುಂಪಿನ ಕ್ರೊಮೊಸ್ಫೀರಾ ಪರ್ಕಿನ್ಸಿಯೈ ಹವಾಯಿಯ ಕಡಲತಳದ ಕೆಸರಿನಲ್ಲಿ ಸಿಕ್ಕ ಜೀವಿ. ಅದರ ಬಗ್ಗೆ 2024ರಲ್ಲಿ ಬಂದ ವರದಿ ನನ್ನ ಮಟ್ಟಿಗೆ ಈ ವಿಷಯದ ಇತ್ತೀಚಿನ ಅತಿ ರೋಚಕ ಸಂಗತಿ. ತಕ್ಕಷ್ಟು ಬೆಳೆದ ಮೇಲೆ ಆ ಕೋಶ ಗಾತ್ರದಲ್ಲಿ ಇನ್ನು ಹಿಗ್ಗದೆ ಒಳಗೊಳಗೇ ಎರಡು, ನಾಲ್ಕು, ಎಂಟು ಎಂದು ಸೀಳಿಕೊಳ್ಳುತ್ತಾ ಹೋಗುತ್ತದೆ. ಪ್ರಾಣಿಯ ಭ್ರೂಣ ತನ್ನ ಮೊದಲ ದಿನಗಳಲ್ಲಿ ಮಾಡುವುದು ಇದನ್ನೇ. ಆ ಮುದ್ದೆಯಲ್ಲಿ ಎರಡು ಬಗೆಯ ಕೋಶಗಳೂ ಕಂಡವು. ಪ್ರಾಣಿಗಳಿಂದ ನೂರು ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ಜೀವಿ ಇದು. ಭ್ರೂಣದಂಥ ರಚನೆ ಪ್ರಾಣಿಗಳಿಗಿಂತ ಹಳೆಯದೇ, ಅಥವಾ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿತೇ ಎಂಬುದು ಇನ್ನೂ ತೀರ್ಮಾನವಾಗಬೇಕು.

ಗುಂಪಾಗಿ ಉಳಿಯುವುದರಿಂದ ಲಾಭವೇನು ಎಂಬುದಕ್ಕೆ ಪ್ರಯೋಗಾಲಯದ ಉತ್ತರಗಳಿವೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಲೋರೆಲ್ಲಾ ಎಂಬ ಏಕಕೋಶ ಪಾಚಿಯ ನೀರಿಗೆ ಅದನ್ನು ನುಂಗುವ ಬೇಟೆಗಾರ ಜೀವಿಯನ್ನು ಬಿಟ್ಟರು. ಕೆಲವೇ ತಲೆಮಾರುಗಳಲ್ಲಿ ಪಾಚಿ ಗುಂಪು ಕಟ್ಟತೊಡಗಿತು, ಕೊನೆಗೆ ಎಂಟು ಕೋಶಗಳ ಗುಂಪು ನೆಲೆನಿಂತಿತು. ಬಾಯಿಗೆ ಹಿಡಿಸದಷ್ಟು ದೊಡ್ಡದು, ಆದರೂ ಪ್ರತಿ ಕೋಶಕ್ಕೂ ನೀರಿನ ಪೋಷಕಾಂಶ ಸಿಗುವಷ್ಟು ಚಿಕ್ಕದು. 2012ರಲ್ಲಿ ವಿಲಿಯಂ ರ‍್ಯಾಟ್‌ಕ್ಲಿಫ್ ಮತ್ತು ಸಂಗಡಿಗರು ಯೀಸ್ಟ್ ಅನ್ನು ಬೆಳೆಸಿ, ಪ್ರತಿದಿನ ಬೇಗ ತಳಕ್ಕಿಳಿದ ಕೋಶಗಳನ್ನು ಮಾತ್ರ ಮುಂದಿನ ದಿನಕ್ಕೆ ಉಳಿಸಿಕೊಂಡರು. ಅರವತ್ತು ದಿನಗಳೊಳಗೆ ಯೀಸ್ಟ್ ಕವಲುಕವಲಾದ ಗೊಂಚಲಾಯಿತು. ಇಲ್ಲಿಯೂ ಹೊಸದಾಗಿ ಅಂಟು ಹುಟ್ಟಿದ್ದಲ್ಲ: ಕೋಶ ಒಡೆದ ಮೇಲೆ ಮರಿಕೋಶವನ್ನು ಕತ್ತರಿಸಿ ಬಿಡುವ ಜೀನೊಂದು ಕೆಟ್ಟಿತು, ಅಷ್ಟೆ. 2023ರಲ್ಲಿ ಅದೇ ತಂಡ ಪ್ರಯೋಗವನ್ನು 600 ದಿನಗಳವರೆಗೆ ಮುಂದುವರಿಸಿದ ಫಲವನ್ನು ಪ್ರಕಟಿಸಿತು. ಗೊಂಚಲುಗಳು ಬರಿಗಣ್ಣಿಗೆ ಕಾಣುವಷ್ಟು, ಮೊದಲಿಗಿಂತ ಸುಮಾರು 20,000 ಪಟ್ಟು ದೊಡ್ಡದಾಗಿದ್ದವು.

ಹೀಗಿರುವಾಗ ಕೋಟಿಗಟ್ಟಲೆ ವರ್ಷಗಳ ಕಾಯುವಿಕೆಗೆ ಕಾರಣ ಗುಂಪು ಕಟ್ಟುವ ಕಷ್ಟವಲ್ಲ. ಪರಿಸರದ ಪಾಲು ಇತ್ತು. ಕಡಲಿನಲ್ಲಿ ಆಮ್ಲಜನಕ ಕಡಿಮೆಯಿತ್ತು, 71.7 ಕೋಟಿಯಿಂದ 63.5 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಭೂಮಿ ಎರಡು ಸಲ ಬಹುಪಾಲು ಹಿಮದಲ್ಲಿ ಹೂತುಹೋಗಿತ್ತು. ಆ ಎರಡು ಹಿಮಯುಗಗಳ ನಡುವೆ ಕಡಲಿನಲ್ಲಿ ಬ್ಯಾಕ್ಟೀರಿಯಾಗಳ ಬದಲು ಪಾಚಿಗಳು ಮೇಲುಗೈ ಪಡೆದದ್ದಕ್ಕೆ ಶಿಲೆಗಳಲ್ಲಿನ ಕೊಬ್ಬಿನ ಕುರುಹುಗಳಿವೆ. ಪಾಚಿ ದೊಡ್ಡ ತುತ್ತು. ಅದನ್ನು ತಿನ್ನಬಲ್ಲವರಿಗೆ ಹೆಚ್ಚು ಶಕ್ತಿ. ಇವೆಲ್ಲ ನೆಲ ಹದ ಮಾಡಿರಬಹುದು. ಆದರೆ ಆಮ್ಲಜನಕ ಏರಿತು, ಪ್ರಾಣಿಗಳು ಹುಟ್ಟಿದವು ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪಠ್ಯಪುಸ್ತಕದ ಉತ್ತರವನ್ನು ನಾನು ಒಪ್ಪುವುದಿಲ್ಲ. ದೇಹದ ಒಳಗಿನ ಒಪ್ಪಂದವಿಲ್ಲದೆ ಎಷ್ಟು ಆಮ್ಲಜನಕವಿದ್ದರೂ ಗೊಂಚಲು ಗೊಂಚಲಾಗಿಯೇ ಉಳಿಯುತ್ತದೆ.

ಆ ಒಪ್ಪಂದದ ಮೊದಲ ಷರತ್ತು, ಬಹುಪಾಲು ಕೋಶಗಳು ಸಂತಾನದ ಹಕ್ಕನ್ನು ಬಿಡುವುದು. ವೋಲ್ವಾಕ್ಸ್ ಎಂಬ ಹಸಿರು ಪಾಚಿಯ ಗೋಲದಲ್ಲಿ ಇದು ಅತ್ಯಂತ ಸರಳವಾಗಿ ಕಾಣುತ್ತದೆ. ಒಂದು ಪ್ರಭೇದದ ಗೋಲದಲ್ಲಿ ಸುಮಾರು ಎರಡು ಸಾವಿರ ಸಣ್ಣ ಕೋಶಗಳು ಕಶಾಂಗ ಬೀಸಿ ಗೋಲವನ್ನು ಈಜಿಸುತ್ತವೆ, ಹದಿನಾರು ದೊಡ್ಡ ಕೋಶಗಳು ಒಳಗೆ ಕುಳಿತು ಮುಂದಿನ ಪೀಳಿಗೆಯಾಗುತ್ತವೆ. ಮರಿಗೋಲಗಳು ಹೊರಬಂದ ಮೇಲೆ ಈಜಿಸಿದ ಎರಡು ಸಾವಿರವೂ ಸಾಯುತ್ತವೆ. ಏಕಕೋಶ ಜೀವಿ ಒಡೆದು ಎರಡಾದಾಗ ಹೆಣವಿರುವುದಿಲ್ಲ. ಮುಪ್ಪಿನಿಂದ ಬೀಳುವ ದೇಹ ಎಂಬುದು ಈ ಕೆಲಸದ ಹಂಚಿಕೆಯ ಜೊತೆಗೇ ಬಂದದ್ದು.

ಎರಡನೆಯ ಷರತ್ತು, ಮೋಸವನ್ನು ತಡೆಯುವುದು. ದಾವಣಗೆರೆ ಜಿಲ್ಲೆಯವರಿಗೆ ಇದನ್ನು ಭದ್ರಾ ನಾಲೆಯ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. ನಾಲೆಯ ಮೇಲ್ಭಾಗದಲ್ಲಿ ಯಾರೋ ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಅವರ ತೋಟ ಹಸಿರಾಗುತ್ತದೆ, ಕೊನೆಯ ಭಾಗದ ರೈತರ ಭತ್ತ ಒಣಗುತ್ತದೆ. ಸರದಿಯನ್ನು ಕಾಯುವ ವ್ಯವಸ್ಥೆ ಇಲ್ಲದಿದ್ದರೆ ಮೇಲಿನವರೆಲ್ಲ ಅದನ್ನೇ ಮಾಡುತ್ತಾರೆ, ಅಚ್ಚುಕಟ್ಟು ಎಂಬುದೇ ಉಳಿಯುವುದಿಲ್ಲ. ದೇಹದಲ್ಲಿ ಹಾಗೆ ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡು ಒಡೆಯುತ್ತಾ ಹೋಗುವ ಕೋಶವೇ ಕ್ಯಾನ್ಸರ್. ಯಾವಾಗ ಒಡೆಯಬೇಕು, ಯಾವಾಗ ನಿಲ್ಲಬೇಕು, ಹಾನಿಯಾದಾಗ ಯಾವಾಗ ತಾನೇ ಸಾಯಬೇಕು ಎಂದು ಕಾಯುವ ಜೀನುಗಳು ಪ್ರಾಣಿಗಳಲ್ಲಿ ಪದರಪದರವಾಗಿ ಕೂಡಿಕೊಂಡಿವೆ. ಕ್ಯಾನ್ಸರಿಗೆ ಸಂಬಂಧಿಸಿದ ಜೀನುಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದಾಗ ಅವುಗಳ ಒಂದು ದೊಡ್ಡ ಗುಂಪು ಬಹುಕೋಶ ಪ್ರಾಣಿಗಳು ಹುಟ್ಟಿದ ಕಾಲದ ಸುತ್ತಲೇ ಮೂಡಿದ್ದು ಕಂಡುಬಂದಿದೆ. ಕಾವಲು ಜೀನುಗಳಲ್ಲಿ ಪ್ರಸಿದ್ಧವಾದದ್ದು ಪಿ53. ಮನುಷ್ಯನಿಗೆ ತಂದೆಯಿಂದೊಂದು ತಾಯಿಯಿಂದೊಂದು ಪ್ರತಿ ಸಿಕ್ಕಿದರೆ, ಬೃಹತ್ ದೇಹದ ಆನೆಯ ಜಿನೋಮಿನಲ್ಲಿ ಅದರ ಇಪ್ಪತ್ತರಷ್ಟು ಪ್ರತಿಗಳಿವೆ.

ಮೂರನೆಯದು ಕೋಶಗಳ ಬಗೆಗಳು. ನರಕೋಶ, ಸ್ನಾಯುಕೋಶ, ಚರ್ಮದ ಕೋಶ, ಎಲ್ಲದರಲ್ಲಿಯೂ ಇರುವುದು ಅದೇ ಡಿಎನ್ಎ, ತೆರೆದು ಓದುವ ಪುಟಗಳು ಮಾತ್ರ ಬೇರೆ. ಈ ವೈವಿಧ್ಯ ಒಮ್ಮೆಲೇ ಎಲ್ಲಿಂದ ಬಂತು? ಒಳ್ಳೆಯ ಉತ್ತರವೊಂದು ಏಕಕೋಶ ಬಂಧುಗಳ ಬದುಕಿನಲ್ಲಿಯೇ ಇದೆ. ಒಂದೇ ಕೊಯನೊಫ್ಲ್ಯಾಜೆಲೇಟ್ ತನ್ನ ಆಯುಷ್ಯದಲ್ಲಿ ಒಮ್ಮೆ ಈಜುತ್ತದೆ, ಒಮ್ಮೆ ಕಲ್ಲಿಗೆ ಅಂಟಿ ಕೂರುತ್ತದೆ, ಇಕ್ಕಟ್ಟಿನ ಜಾಗಕ್ಕೆ ಒತ್ತಿದರೆ ಅಮೀಬಾದ ಹಾಗೆ ತೆವಳುತ್ತದೆ. ಒಂದು ಕೋಶ ಒಂದಾದ ಮೇಲೊಂದು ತಾಳುತ್ತಿದ್ದ ಈ ವೇಷಗಳನ್ನು ಪ್ರಾಣಿದೇಹ ಏಕಕಾಲಕ್ಕೆ, ಬೇರೆಬೇರೆ ಕೋಶಗಳಿಗೆ ಹಂಚಿತು. 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಸ್ಪಂಜಿನ ಕಾಲರ್ ಕೋಶಗಳಲ್ಲಿ ಕೆಲಸಮಾಡುವ ಜೀನುಗಳನ್ನು ಕೊಯನೊಫ್ಲ್ಯಾಜೆಲೇಟಿನ ಜೊತೆ ಹೋಲಿಸಿದಾಗ ನಿರೀಕ್ಷಿಸಿದಷ್ಟು ಸಾಮ್ಯ ಸಿಗಲಿಲ್ಲ. ಸ್ಪಂಜಿನಲ್ಲಿ ಯಾವ ಕೋಶವಾಗಿ ಬೇಕಾದರೂ ಬದಲಾಗಬಲ್ಲ, ತಿರುಗಾಡುವ ಮೂಲಕೋಶಗಳೇ ಏಕಕೋಶ ಬಂಧುಗಳಿಗೆ ಹೆಚ್ಚು ಹತ್ತಿರವಾಗಿದ್ದವು. ಅಂದರೆ ಮೊದಲ ಪ್ರಾಣಿ ಒಂದೇ ಬಗೆಯ ಕಾಲರ್ ಕೋಶಗಳ ಸರಳ ಚೆಂಡಾಗಿರಬೇಕಿಲ್ಲ. ವೇಷ ಬದಲಿಸುವುದನ್ನು ಆಗಲೇ ಬಲ್ಲ ಕೋಶಗಳ ಕೂಟವಾಗಿದ್ದಿರಬಹುದು. 1907ರಲ್ಲಿಯೇ ಎಚ್. ವಿ. ವಿಲ್ಸನ್ ಸ್ಪಂಜನ್ನು ತೆಳುಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಕೋಶಗಳನ್ನಾಗಿ ಮಾಡಿದಾಗ ಅವು ತೆವಳಿ, ಮತ್ತೆ ಸೇರಿ, ಹೊಸ ಸ್ಪಂಜಾಗಿ ಬೆಳೆದಿದ್ದವು. ಆ ಹಳೆಯ ಪ್ರಯೋಗ ಈ ಹೊಸ ಮಾತಿನ ಪಕ್ಕದಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ಉಳಿದಿರುವ ದೊಡ್ಡ ಜಗಳ ಪ್ರಾಣಿವಂಶದ ಮೊದಲ ಕವಲಿನದ್ದು. ಬಹುಕಾಲ ಆ ಸ್ಥಾನ ಸ್ಪಂಜುಗಳದ್ದಾಗಿತ್ತು. ನರವಿಲ್ಲ, ಸ್ನಾಯುವಿಲ್ಲ, ಬಾಯಿಯಿಲ್ಲ, ಹಾಗಾಗಿ ಅವೇ ಮೊದಲು ಎಂಬ ತರ್ಕ. 2008ರಿಂದ ಜೀನುಗಳ ಹೋಲಿಕೆ ಬಾಚಣಿಗೆ ಜೆಲ್ಲಿಗಳೆಂಬ ಪಾರದರ್ಶಕ ಕಡಲಪ್ರಾಣಿಗಳ ಕಡೆಗೆ ಬೆರಳು ತೋರಿಸತೊಡಗಿತು. 2023ರಲ್ಲಿ ಕ್ರೋಮೊಸೋಮುಗಳ ಮೇಲೆ ಜೀನುಗಳು ಕೂತಿರುವ ಜೋಡಣೆಯನ್ನೇ ಹೋಲಿಸಿದ ಅಧ್ಯಯನ ಅದಕ್ಕೆ ಬಲ ಕೊಟ್ಟಿತು: ಸ್ಪಂಜು ಸೇರಿದಂತೆ ಉಳಿದೆಲ್ಲ ಪ್ರಾಣಿಗಳಲ್ಲಿ ಒಟ್ಟಿಗೆ ಬೆರೆತುಹೋದ ಕೆಲವು ಜೀನುಗಳ ಗುಂಪುಗಳು ಬಾಚಣಿಗೆ ಜೆಲ್ಲಿಗಳಲ್ಲಿ ಮತ್ತು ಏಕಕೋಶ ಬಂಧುಗಳಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ. ಬೆರೆತದ್ದು ಮತ್ತೆ ಮೊದಲಿನಂತೆ ವಿಂಗಡವಾಗುವುದು ಅಸಂಭವವಾದ್ದರಿಂದ ಈ ಸಾಕ್ಷ್ಯ ನನಗೆ ಗಟ್ಟಿಯಾಗಿ ಕಾಣುತ್ತದೆ. ಎಲ್ಲರೂ ಒಪ್ಪಿಲ್ಲ. ಆದರೆ ಇದು ನಿಜವಾದರೆ ತೊಡಕು ನರಮಂಡಲದ್ದು. ಬಾಚಣಿಗೆ ಜೆಲ್ಲಿಗಳಿಗೆ ನರಗಳಿವೆ, ಸ್ಪಂಜುಗಳಿಗೆ ಇಲ್ಲ. ಒಂದೋ ಸ್ಪಂಜುಗಳು ಇದ್ದ ನರಗಳನ್ನು ಕಳೆದುಕೊಂಡವು, ಇಲ್ಲವೇ ನರಗಳು ಎರಡು ಸಲ ಹುಟ್ಟಿದವು. ಅದೇ 2023ರಲ್ಲಿ ಬಾಚಣಿಗೆ ಜೆಲ್ಲಿಯ ಮರಿಯ ನರಜಾಲವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಆ ಜಾಲದ ನರಕೋಶಗಳು ನಮ್ಮವುಗಳ ಹಾಗೆ ನಡುವೆ ಸಂದು ಬಿಟ್ಟು ನಿಂತಿರಲಿಲ್ಲ. ಅವುಗಳ ಪೊರೆಗಳು ಒಂದರೊಳಗೊಂದು ಬೆಸೆದು ಒಂದೇ ಬಲೆಯಾಗಿದ್ದವು. ಎರಡು ಸಲ ಎನ್ನುವವರು ಈಗ ತಮ್ಮ ವಾದಕ್ಕೆ ಮೊದಲು ತೋರಿಸುವುದು ಆ ಚಿತ್ರವನ್ನು.